ಲ ಗುಡಿಸು ಲಿ

ಮೂರು ಸಲ ಕಿತ್ತೀನಿ ಈ ಕಲ್ಲು, ನನ್ನ ಕೈಯಿಂದನಽ.
ಮೊದಲು ಅವರ ಮನಿ ಮುಂದ ಇತ್ತು,
ಗೆದ್ದಮ್ಯಾಲ ಕೊಂಡ ಮನಿ.
ರಸ್ತೆ ಅಗಲ ಆತು, ಹದಿನೆಂಟು ಮಾರು ಹಿಂದ ಸರಿಸಿದ್ವಿ.
ಆಮ್ಯಾಲ ನೀರಿನ ಪೈಪು ಬಂತು, ಹಳ್ಳದ ಕಡೆ ಒಯ್ದ್ವಿ.
ಈಗ ಕ್ರಾಸಿನಾಗ, ಪಂಚರ್ ಅಂಗಡಿ ಮಗ್ಗಲಕ್ಕ,
ಹಳೇ ಟೈರಿನ ರಾಶಿಗೆ ಬೆನ್ನು ಕೊಟ್ಟು ನಿಂತೈತಿ.
ಕೆತ್ತಿದ ಅಕ್ಷರ ಮಾತ್ರ ಅವಽ:
"ಮಾಜಿ ಶಾಸಕರಾದ
ಶ್ರೀ ಈಶಪ್ಪ ನೀಲಪ್ಪ ಬಳೂಟಗಿಯವರು
ಇಲ್ಲಿ ಜನಿಸಿದರು."

ಎಲ್ಲಿ ನೆಟ್ರ ಅಲ್ಲೇ ಹುಟ್ಟತಾನ, ಪುಣ್ಯಾತ್ಮ.

ನಾ ಮಾಬುಸಾಬ ನದಾಫ, ಇಲಾಖೆಯ ಗ್ಯಾಂಗ್‌ಮನ್.
ಗದಗ ಮುಂಡರಗಿ ರಸ್ತೆಯೊಳಗ ಎಂಟು ಕಿಲೋಮೀಟರ್ ನನ್ನ ಹಿಸ್ಸೆ:
ಅದರ ತಗ್ಗು, ಅದರ ಜಾಲಿಕಂಟಿ, ಅದರ ಸತ್ತ ನಾಯಿ,
ಅದರ ಕಲ್ಲು.

ನಮ್ಮಜ್ಜಿ ಹುಸೇನಬಿ ಸೂಲಗಿತ್ತಿ. ಓದಾಕ ಬರತಿರಲಿಲ್ಲ.
ಕಲ್ಲು ನಿಂತ ವಾರ ನನ್ನ ಕಡೆ ಓದಿಸಿ ಕೇಳಿದ್ಲು,
ಬಾಯಾಗಿನ ಎಲಿ ಒಂದು ದವಡಿಗೆ ಒತ್ತಿ.
"ಇಲ್ಲಿ ಅಂದ್ರ ಎಲ್ಲೋ?"
"ಈ ಮನ್ಯಾಗ ಅಂತಬೇ."
ನಕ್ಕಳು. "ಕೆಂಚವ್ವ ಖಡಿ ಒಡೀತಿದ್ಲೋ, ಇದಽ ರಸ್ತೆಕ.
ಸುತ್ತಗಿ ಕೈಯಾಗ ಇದ್ದಾಂಗನಽ ಬ್ಯಾನಿ ಬಂತು.
ಡಾಂಬರಿನ ಒಲಿಮ್ಯಾಲ ನೀರು ಕಾಸಿದೆ.
ಹೆಣ್ಣಾಳು ಎರಡು ಸೀರಿ ಅಡ್ಡ ಹಿಡದ್ರು,
ಆ ಕಡೆ ಖಡಿ ರಾಶಿ, ಈ ಕಡೆ ಲಾರಿ.
ಕೂಸು ಅಳಲಿಲ್ಲ ಮೊದಲ.
ರೋಲರಿನಾಂವ ಸೀಟಿ ಹೊಡದ ನೋಡು, ಆವಾಗ ಅತ್ತ."
"ಜಾಗ ಯಾವುದು ಮತ್ತ?"
ಕೋಲು ಎತ್ತಿ ನಡುರಸ್ತೆ ತೋರಿಸಿದ್ಲು.
ಉಳ್ಳಾಗಡ್ಡಿ ಹೇರಿದ ಟ್ರ್ಯಾಕ್ಟರ್ ಹೊಂಟಿತ್ತು ಆಗ,
ಅದರ ಮ್ಯಾಲೆ.

ಕಲ್ಲಿನ ಪರದೆ ಸರಿಸಾಕ ಅಂವನಽ ಬಂದಿದ್ದ.
ಮುಕ್ಕಾಲು ತಾಸು ಭಾಷಣ. ಹಳ್ಳಕ್ಕ ಪೂಲು ಕಟ್ಟಸ್ತೀನಿ ಅಂದ,
ಕಟ್ಟಸಲಿಲ್ಲ. ಇವತ್ತಿಗೂ ಇಲ್ಲ.
ಹೋಗೂವಾಗ ಮಾತ್ರ, ಜೀಪಿನ ಬಾಗಲ ಮುಟ್ಟಿದಾಂವ
ಚಪ್ಪಲಿ ಕಳದು
ಡಾಂಬರಿನ ಮ್ಯಾಲ ನಾಕು ಹೆಜ್ಜಿ ಇಟ್ಟ.
ಮೇ ತಿಂಗಳ ಮಧ್ಯಾಹ್ನ.
"ಸಾಹೇಬ್ರ, ಕಾಲು ಸುಡತಾವ" ಅಂತ ಓಡಿದ್ರು ನಾಕಾರು ಮಂದಿ.
"ಸುಡ್ಲಿ" ಅಂದ.
ಮತ್ತೇನೂ ಅನ್ನಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ.

ಎಲೆಕ್ಷನ್ ಬಂದ್ರ ತಹಶೀಲ್ದಾರ ಆಫೀಸಿನಿಂದ ಫೋನು: ಕಲ್ಲು ಮುಚ್ಚು.
ನೀತಿ ಸಂಹಿತೆ. ಸತ್ತಾಂವನೂ ಓಟು ಕೇಳಬಾರದು.
ಗೋಣಿಚೀಲ ಹೊದಿಸಿ ಸುತಳಿ ಬಿಗೀತೀನಿ.
ನಲವತ್ತು ದಿನ ಅಂವ ಹುಟ್ಟಿಲ್ಲ.
ಎಣಿಕಿ ಮುಗದ ಸಂಜಿಗೆ, ಊರಾಗ ಗುಲಾಲು ಹಾರೂ ಹೊತ್ತಿನಾಗ,
ನಾ ಒಬ್ಬನಽ ಹೋಗಿ ಸುತಳಿ ಕೊಯ್ತೀನಿ.
ಕೊಯ್ಯೂ ಮುಂದ ಒಂದು ಗಳಿಗಿ ಕೈ ನಿಲ್ಲತೈತಿ.
ಅಜ್ಜಿಯ ಕುಡಗೋಲು ಇನ್ನೂ ಐತಿ,
ಮಾಳಗಿ ಜಂತ್ಯಾಗ ಸಿಗಸಿದ್ದು.
ಒಮ್ಮೆನೂ ತಂದಿಲ್ಲ. ಬ್ಲೇಡು ಸಾಕು.

ಈ ಸಲ ಸರಿಸೂವಾಗ ಜೆಸಿಬಿ ಹಲ್ಲು ತಾಗಿ
ಒಂದು ಚಕ್ಕಿ ಹಾರಿತು, ಉಗುರಿನಷ್ಟು.
ಲಿ ಅನ್ನೂದರ ಗುಡಿಸು ಹೋತು.
ಮುಂಜಾನೆ ಸಾಲಿ ಹುಡುಗರು ಸಾಲಾಗಿ ನಿಂತು ರಾಗ ಎಳದ್ರು:
"ಈಶಪ್ಪ ನೀಲಪ್ಪ ಬಳೂಟಗಿಯವರು
ಇಲ್ಲ ಜನಿಸಿದರು."
ಪಂಚರಿನ ಶೇಕಪ್ಪ ನಕ್ಕು ನಕ್ಕು ಪಂಪು ಕೈಬಿಟ್ಟ.
ನನಗ ನಗಿ ಬರಲಿಲ್ಲ.
ಕಲ್ಲು ಖರೇ ಮಾತಾಡಿದ್ದು ಇದಽ ಮೊದಲು.

"ಸಿಮೆಂಟು ಮೆತ್ತು, ಕರೇ ಬಣ್ಣ ತೀಡು" ಅಂದ್ರು ಇಂಜಿನಿಯರು,
"ನಾಳೆ ಮೊಮ್ಮಗ ಬರತಾನ, ಹಾರ ಹಾಕಾಕ, ಫಾರ್ಮ್ ತುಂಬಾಕ."
ಹೂಂ ಅಂದೀನಿ.
ಡಬ್ಬಿ ಐತಿ, ಬ್ರಷ್ ಐತಿ, ಮಂಡಿ ಊರಿ ಕುಂತೀನಿ.
ದೂರ ಕಪ್ಪತಗುಡ್ಡದ ಮ್ಯಾಲ ಫ್ಯಾನು ತಿರಗಾಕತ್ತಾವ,
ಒಂದು ಮಾತ್ರ ನಿಂತೈತಿ.
ಒಂದನೇತ್ತೆಯ ಪಾಟಿ ನೆನಪೈತಿ: ಲ ಗುಡಿಸು ಲಿ.
ಕೈ ಕಲ್ಲಿನ ಕಡೆ, ಕಣ್ಣು ರಸ್ತೆ ಕಡೆ.

"ಕಾಕಾ, ಏನ್ ಮಾಡಾಕತ್ತೀರಿ?" ಸಾಲಿ ಬಿಟ್ಟಿತ್ತು.
"ಗುಡಿಸಾಕತ್ತೀನಿ."
"ಕಸಬರಗಿ ಎಲ್ಲೈತಿ?"
ಬ್ರಷ್ ಎತ್ತಿ ತೋರಿಸಿದೆ.
ತುದಿಯಿಂದ ಒಂದು ಹನಿ ಜಾರಿ
ಡಾಂಬರಿನ ಮ್ಯಾಲ ಬಿತ್ತು.
ಕಾಣಲಿಲ್ಲ.